ಶಾಂತಾಳ ಪಾಠದ ಸೇತುವೆ

ನಾವು ಮನೆ ಬಿಟ್ಟದ್ದು ರಾಹುಕಾಲ ಕಳೆದ ಮೇಲೆ. ಶನಿವಾರ ಒಂಬತ್ತರಿಂದ ಹತ್ತೂವರೆ. ಫ್ರಾಂಕ್‌ಫರ್ಟ್‌ನ ನಮ್ಮ ಅಡುಗೆಮನೆಯ ಗೋಡೆಯಲ್ಲಿ ತೂಗುತ್ತಿದ್ದ, ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಕ್ಯಾಲೆಂಡರ್ ಹಾಗೆಂದು ಹೇಳುತ್ತಿತ್ತು. ಹೆಂಡತಿ ಶಾಂತಾ ಕೋಟು ತೊಟ್ಟು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು, ಗಾಲಿಕುರ್ಚಿಯಲ್ಲಿ ಬೆಳಗಿನಿಂದಲೇ ತಯಾರಾಗಿ ಕೂತಿದ್ದಳು.

"ರೀ, ಅದು ಹುಬ್ಬಳ್ಳಿ ರಾಹು. ಇಲ್ಲೀತನಕ ಹೆಂಗ ಬರ್ತಾನ? ಅವಗೂ ಗ್ರೀನ್ ಕಾರ್ಡ್ ಸಿಕ್ಕದೇನು?"

ಸಿಕ್ಕಿದ್ದರೆ ನನ್ನದಕ್ಕಿಂತ ಗಟ್ಟಿಯಾದದ್ದೇ ಸಿಕ್ಕಿರಬೇಕು. ನನ್ನದು ಹಸಿರೂ ಅಲ್ಲ, ಕಾರ್ಡೂ ಅಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ಒಂದು ಚೀಟಿ. ಕಂಪ್ಯೂಟರ್ ಬಲ್ಲವರು ಬೇಕು, ಗ್ರೀನ್ ಕಾರ್ಡ್ ಕೊಡುತ್ತೇವೆ ಎಂದು ಜರ್ಮನಿ ಕರೆದಾಗ, ತಲೆಗೂದಲು ನೆರೆತ ಮೇಲೂ ಎದ್ದುಬಂದವನು ನಾನು. ಐದು ವರ್ಷ ಅಂದಿದ್ದರು. ಮೂರು ತುಂಬುವಷ್ಟರಲ್ಲಿ ಕಂಪನಿ ನಮ್ಮ ವಿಭಾಗಕ್ಕೇ ಬೀಗ ಹಾಕಿತು. ತಿಂಗಳ ಕೊನೆಗೆ ಬೆಂಗಳೂರಿನ ವಿಮಾನ.

ಅಷ್ಟರೊಳಗೆ ಶಾಂತಾಳಿಗೆ ಒಂದೇ ಒಂದು ಆಸೆಯಿತ್ತು. ಆಕೆ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ವರ್ಷ ವರ್ಷವೂ ಕಲಿಸಿದ ಒಂದು ಪಾಠದಲ್ಲಿ ಇಂಗ್ಲೆಂಡಿನ ಹಳ್ಳಿಯ ಚಿತ್ರವಿತ್ತು: ಚರ್ಚಿನ ಚೂಪು ಗೋಪುರ, ಹೊಳೆ, ಬಾತುಕೋಳಿಗಳು, ಕಲ್ಲಿನ ಸೇತುವೆ. ಆ ಸೇತುವೆಯ ಕಟ್ಟೆಯ ಮೇಲೆ ಒಮ್ಮೆ ಕೂತು ನೀರು ನೋಡಬೇಕು. ನಾನು ಇಲ್ಲಿಗೆ ಬಂದಾಗ ಆಕೆಗೆ ಸಂಬಳದ ಸಂತೋಷವಿರಲಿಲ್ಲ. ಇಂಗ್ಲೆಂಡ್ ಹತ್ತಿರವಾಯಿತಲ್ಲ ಎಂಬ ಸಂತೋಷವಿತ್ತು. ಮೊದಲನೆಯ ಚಳಿಗಾಲದಲ್ಲೇ ಪಾರ್ಶ್ವವಾಯು ಹೊಡೆದು ಎಡಗಾಲು, ಎಡಗೈ ಸೋತವು. ಆಸ್ಪತ್ರೆ, ವ್ಯಾಯಾಮ, ಮತ್ತೆ ಆಸ್ಪತ್ರೆ. ಬ್ರಿಟಿಷ್ ವೀಸಾಕ್ಕೆ ಈಗ ಸಮಯವೇ ಉಳಿದಿರಲಿಲ್ಲ.

ಆಫೀಸಿನ ಜರ್ಮನ್ ಗೆಳೆಯನೊಬ್ಬ ಲಾನ್ ನದಿಯ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದ. ಚರ್ಚಿದೆ, ಹೊಳೆಯಿದೆ, ಹಳೆಯ ಕಲ್ಲುಸೇತುವೆಯಿದೆ. ಇಂಗ್ಲೆಂಡಿನ ಬದಲು ಇದು ನಡೆದೀತೇ ಎಂದು ಅಳುಕುತ್ತಲೇ ಕೇಳಿದೆ. ಶಾಂತಾ, "ನಡೀತದ. ಬಾತುಕೋಳಿ ಎಲ್ಲಾ ಕಡೆ ಒಂದs ಭಾಷಾ ಮಾತಾಡ್ತಾವ," ಎಂದಳು.

ಗಾಲಿಕುರ್ಚಿಯನ್ನು ರೈಲಿನಿಂದ ಇಳಿಸಿಕೊಳ್ಳಲು ಮೊದಲೇ ಫೋನ್ ಮಾಡಿ ಹೇಳಿಟ್ಟರೆ ನಿಲ್ದಾಣದಲ್ಲಿ ಒಬ್ಬರು ಎತ್ತುವ ಯಂತ್ರ ಹಿಡಿದು ನಿಂತಿರುತ್ತಾರೆ. ಒಂಬತ್ತು ದಾಟಿ ಹೊರಡುವ ರೈಲಿಗೆ ಹೇಳಿಟ್ಟಿದ್ದೆ. ಸಂಜೆ ಮರಳುವುದಕ್ಕೂ ಹೇಳಿಟ್ಟಿದ್ದೆ. ಶುಕ್ರವಾರ ಸಂಜೆ ಬುತ್ತಿಗೆ ಚಪಾತಿ ಲಟ್ಟಿಸುತ್ತ ಕ್ಯಾಲೆಂಡರ್ ಕಡೆ ಕಣ್ಣೆತ್ತಿದೆ: ಆ ರೈಲು ನೇರ ರಾಹುಕಾಲದೊಳಗೆ. ಸಮಯ ಬದಲಿಸೋಣವೆಂದರೆ ಫೋನಿನ ಕಚೇರಿ ಮುಚ್ಚಿತ್ತು. ಎತ್ತಿ ಇಳಿಸಲು ಯಾರಾದರೂ ಸಿಕ್ಕಾರು, ರಾಹುವನ್ನು ತಡೆಯಲು ಯಾರು ಸಿಕ್ಕಾರು? ಆಕೆ ಕುಸಿದುಬಿದ್ದ ದಿನ ನಾನು ಕ್ಯಾಲೆಂಡರ್ ನೋಡಿರಲಿಲ್ಲ. ಆಮೇಲೆ ಅದನ್ನು ನೋಡದೆ ಹಾಲು ತರಲೂ ಹೋದವನಲ್ಲ.

ಮುಂದಿನ ರೈಲು ಹಿಡಿದದ್ದರಿಂದ ನಡುವೆ ಬದಲಿಸಬೇಕಿದ್ದ ಇನ್ನೊಂದು ರೈಲು ತಪ್ಪಿತು. ಅಕ್ಟೋಬರಿನ ತಣ್ಣನೆಯ ಪ್ಲಾಟ್‌ಫಾರ್ಮಿನಲ್ಲಿ ಕಾದು ಕೂತು ಚಪಾತಿ, ಶೇಂಗಾ ಚಟ್ನಿ ತಿಂದೆವು. ಕೊನೆಗೂ ಹಳ್ಳಿ ಬಂದಾಗ ಮಧ್ಯಾಹ್ನ ಇಳಿಮುಖವಾಗಿತ್ತು. ನಿಲ್ದಾಣದಲ್ಲಿ ಒಂದು ಬೆಂಚು, ಬೀಗ ಹಾಕಿದ ಕೋಣೆ. ಯಾರೂ ಇರಲಿಲ್ಲ. ನಮ್ಮ ಡಬ್ಬಿಯಲ್ಲೇ ಫುಟ್‌ಬಾಲ್ ನೋಡಲು ಹೊರಟಿದ್ದ ನಾಲ್ಕು ಜನ, ಕೈಯಲ್ಲಿದ್ದ ಬಿಯರ್ ಬಾಟಲಿಗಳನ್ನು ನೆಲಕ್ಕಿಟ್ಟು, ಕುರ್ಚಿಯ ಸಮೇತ ಆಕೆಯನ್ನು ಇಳಿಸಿಕೊಟ್ಟರು. ಶಾಂತಾ ಉದ್ದಕ್ಕೂ ಬಲಗೈಯಲ್ಲಿ ಸೀರೆಯ ನೆರಿಗೆ ಬಿಗಿಹಿಡಿದಿದ್ದಳು. ರೈಲು ಹೋದ ಮೇಲೆ, "ಗಣಪತಿ ಕಳಸೂ ಹೊತ್ತಿನ್ಯಾಗ ಹಿಂಗ ಎತ್ತತಾರ," ಎಂದಳು. ನಗಲು ಹೋದೆ, ಆಗಲಿಲ್ಲ.

ಊರು ಚಿತ್ರದ ಹಾಗೇ ಇತ್ತು. ಬಿಳಿ ಗೋಡೆಗೆ ಕಪ್ಪು ಮರದ ಪಟ್ಟಿಗಳ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂ. ಚಿತ್ರದಲ್ಲಿ ಕಾಣದ್ದು ಬೀದಿಯ ಕಲ್ಲುಹಾಸು. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಪ್ರತಿ ಸಂದಿಯಲ್ಲೂ ಕಚ್ಚಿಕೊಂಡವು. ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆದೆ. ಹೀಗೆ ಶಾಂತಾ ತಾನು ಬಯಸಿದ ಹಳ್ಳಿಯನ್ನು ದಾಟಿಹೋದ ಮೇಲೆ ನೋಡುತ್ತ ಬಂದಳು.

ಚರ್ಚಿನ ಹಿಂದೆ ಬೀದಿ ಮುಗಿದು ಓಣಿ ಶುರುವಾಯಿತು. ಓಣಿ ಎಂದರೆ ಮೆಟ್ಟಿಲು. ಸವೆದ, ಪಾಚಿಗಟ್ಟಿದ ಮೆಟ್ಟಿಲುಗಳು ಕೆಳಗಿಳಿದು ಒಂದು ಮನೆಯ ಮೂಲೆಯಲ್ಲಿ ಮರೆಯಾಗಿದ್ದವು. ಆಚೆಯಿಂದ ನೀರಿನ ಸದ್ದು ಕೇಳುತ್ತಿತ್ತು. ಅಲ್ಲೇ ಒಂದು ಕಿಟಕಿಯಲ್ಲಿ ದಿಂಬಿನ ಮೇಲೆ ಮೊಣಕೈ ಊರಿ ಬೀದಿ ನೋಡುತ್ತಿದ್ದ ಮುದುಕಿ ನಮ್ಮನ್ನು ಕರೆದು ಮಾತಾಡಿಸಿದಳು.

"ಬೆಳಿಗ್ಗೆ ಬರಬೇಕಿದ್ದವರು ನೀವೇ ಏನು? ನಿಲ್ದಾಣದವನು ವ್ಯಾನ್ ಇಟ್ಟುಕೊಂಡು ಕಾದ. ಕುರ್ಚಿಯಲ್ಲಿ ಬರುವವರನ್ನು ಅವನೇ ಹೊಲದ ದಾರಿಯಿಂದ ಸೇತುವೆಗೆ ಇಳಿಸುತ್ತಾನೆ."

"ಈಗ ಎಲ್ಲಿದ್ದಾರೆ?"

"ಕಾಡಿಗೆ ಹೋದ, ಸೌದೆಗೆ. ಸಂಜೆಯ ರೈಲಿಗೆ ಬರುತ್ತಾನೆ. ನೀವು ಈ ಮೆಟ್ಟಿಲಲ್ಲಿ ಇಳಿಸಬೇಡಿ, ಮಗನೇ. ಹೋದ ಚಳಿಗಾಲದಿಂದ ನಾನೇ ಇಳಿದಿಲ್ಲ."

"ಏನಂದ್ಲರಿ ಆಕಿ?" ಶಾಂತಾ ಕೇಳಿದಳು. ಒಂದನ್ನೂ ಬಿಡದೆ ಹೇಳಿದೆ. ಶಾಂತಾ ಕುರ್ಚಿಗೆ ಸಿಕ್ಕಿಸಿದ್ದ ಕೋಲು ತೆಗೆದುಕೊಂಡು ಎದ್ದಳು. ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಎಡಗಾಲು ಮಡಚಿಕೊಂಡಿತು, ಹಿಡಿದುಕೊಂಡೆ. ಇಬ್ಬರೂ ಗೋಡೆಗೊರಗಿ ಉಸಿರು ಬಿಡುತ್ತ ನಿಂತೆವು.

"ಗೆದ್ದಾ ಬಿಡ್ರಿ ನಿಮ್ಮ ರಾಹು," ಎಂದಳು. ಕುರ್ಚಿಗೆ ಮರಳಿ ಕೂತು, "ನೀವರs ಹೋಗ್ರಿ. ನೋಡಿ ಬಂದು ನನಗ ಹೇಳ್ರಿ. ಛಂದಾಗಿ ನೋಡ್ರಿ ಮತ್ತ," ಎಂದಳು.

ಇಳಿದೆ. ಮೂಲೆ ತಿರುಗುವಷ್ಟರಲ್ಲಿ, ಕುರ್ಚಿಯ ಬ್ರೇಕ್ ಹಾಕಿದೆನೇ ಎಂಬ ಸಂಶಯ ಹುಟ್ಟಿತು. ಹಾಕಿದ ನೆನಪಿತ್ತು, ನನ್ನ ನೆನಪನ್ನು ನಾನು ಎಂದು ನಂಬಿದ್ದೇನೆ? ಸೇತುವೆಯ ಮೇಲೆ ನಿಂತವನು ಕುತ್ತಿಗೆ ಚಾಚಿ ಮೇಲೆಯೇ ನೋಡುತ್ತಿದ್ದೆ. ಮನೆಯ ಮೂಲೆ ಅಡ್ಡವಾಗಿತ್ತು. ಕೂಗಿದೆ, ನೀರಿನ ಸದ್ದಿನಲ್ಲಿ ಉತ್ತರ ಕೇಳಲಿಲ್ಲ. ಮೆಟ್ಟಿಲು ಹತ್ತಿ ಓಡಿಬಂದೆ. ಬ್ರೇಕ್ ಹಾಕಿಯೇ ಇತ್ತು.

ಶಾಂತಾ ತರಗತಿಯಲ್ಲಿ ಕೂರುವಂತೆ ನೆಟ್ಟಗೆ ಕೂತಳು. "ಹೇಳ್ರಿ. ಎಷ್ಟು ಕಮಾನ ಅದಾವ?"

ನನಗೆ ಗೊತ್ತಿರಲಿಲ್ಲ.

"ಬಾತುಕೋಳಿ?"

"ಇದ್ವು ಅನಸ್ತದ."

"ಕಟ್ಟಿ ಮ್ಯಾಲೆ ಕೂತ್ರೇನು?"

"ಬ್ರೇಕ್ ಹಾಕೀನೋ ಇಲ್ಲೋ ಅಂತ…"

ಆಕೆ ಬಯ್ದಿದ್ದರೆ ಆಗುತ್ತಿತ್ತು. ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಕೆಳಗಿನ ನೀರಿನ ಸದ್ದನ್ನು ಕೇಳುತ್ತ ಕೂತಳು. ಹೊತ್ತಾಗುತ್ತದೆಂದು ಕುರ್ಚಿ ತಿರುಗಿಸಿದವನೂ ನಾನೇ.

ನಿಲ್ದಾಣದವನು ಅಂಗಿಗೆ ಅಂಟಿದ ಮರದ ಹೊಟ್ಟು ಕೊಡವಿಕೊಳ್ಳುತ್ತ ಯಂತ್ರದ ಪಕ್ಕ ನಿಂತಿದ್ದ. ಬೆಳಿಗ್ಗೆ ಯಾಕೆ ಬರಲಿಲ್ಲ ಎಂದು ಕೇಳಿದ. ನನಗೆ ಗೊತ್ತಿದ್ದಷ್ಟು ಜರ್ಮನ್ ಭಾಷೆಯಲ್ಲೆಲ್ಲ ಹುಡುಕಿ, ರೈಲು ತಪ್ಪಿತು ಎಂದೆ. "ಪರವಾಗಿಲ್ಲ, ಏಪ್ರಿಲ್‌ನಲ್ಲಿ ಬನ್ನಿ. ಆಗ ಬಾತುಕೋಳಿ ಮರಿಗಳಿರುತ್ತವೆ," ಎಂದು ಶಾಂತಾಳ ಕೈ ಕುಲುಕಿದ. ಆಕೆ ತನ್ನ ಶಾಲೆಯ ಇಂಗ್ಲಿಷಿನಲ್ಲಿ ಅವನಿಗೆ ಥ್ಯಾಂಕ್ಸ್ ಹೇಳಿದಳು.

ರೈಲಿನಲ್ಲಿ ಕುರ್ಚಿ ನಿಲ್ಲಿಸುವ ಜಾಗ ಬಲಬದಿಗಿತ್ತು. ಊರು ದಾಟಿ ಹಳಿ ತಿರುಗಿದಾಗ ಎಡಗಡೆಯ ಕಿಟಕಿಯಲ್ಲಿ, ಕೆಳಗೆ, ಸೇತುವೆ ಕಾಣಿಸಿತು. ಸಂಜೆಯ ಬೆಳಕಿನಲ್ಲಿ ಅದರ ನೆರಳೂ ನೀರಿನಲ್ಲಿತ್ತು. ಈ ಸಲ ಬಿಡಬಾರದೆಂದು ಕಮಾನುಗಳನ್ನು ಎಣಿಸಿಬಿಟ್ಟೆ.

"ಶಾಂತಾ, ಮೂರು! ಮೂರು ಕಮಾನ ಅದಾವ!"

ಆಕೆ ಕಣ್ಣು ಮುಚ್ಚಿದ್ದಳು. ತೆರೆಯಲಿಲ್ಲ.

"ನನ್ನ ಪಾಠದಾಗ ಒಂದs ಇತ್ತರಿ," ಎಂದಳು.

ರೈಲು ಗುಡ್ಡದ ಮರೆಗೆ ಹೋಯಿತು.