ಬಾದಾಮಿ ಮರದ ನೆರಳು

ಇದನ್ನು ಹೇಳುವುದನ್ನು ಮೂವತ್ತು ವರ್ಷ ಮುಂದೂಡಿದೆ. ಕಳೆದ ಭಾನುವಾರ ಭಟ್ಕಳದಿಂದ ಹೊರಟು, ಹೊನ್ನಾವರದಲ್ಲಿ ಇಳಿದು, ಕುಮಟೆಯ ಹೊಳನಗದ್ದೆಗೆ ಹೋಗಿ ಬಂದೆ. ಒಂದು ದಾರಿಗೆ ಅರವತ್ತು ಕಿಲೋಮೀಟರು.

ನಾನು ಮೆಟ್ರಿಕ್ ಮುಗಿಸಿ ಭಟ್ಕಳದ ವಕೀಲ ಸಾಹೇಬರ ಬಳಿ ಗುಮಾಸ್ತನಾದವನು. ಬಡವರ ಕೇಸಿಗೆ ಅವರು ಫೀಸು ಮುಟ್ಟಿದವರಲ್ಲ. ಭಾನುವಾರಗಳಂದು ಹೊನ್ನಾವರ, ಕುಮಟೆಯ ಕಡೆಯ ಶಾಲೆಗಳ ಜಗಲಿಯಲ್ಲಿ ಕೂತು, ಮೀನು ಮಾರುವವರಿಗೂ ಗದ್ದೆ ಮಾಡುವವರಿಗೂ ಅವರವರ ಕಾಗದ ಓದಿ ಹೇಳುತ್ತಿದ್ದರು. ಅಂಥ ಸಾಹೇಬರ ಕಕ್ಷಿದಾರಳಾದ ಒಬ್ಬ ಮೀನು ಮಾರುವವಳು ನನ್ನಿಂದ ಮನೆ ಕಳೆದುಕೊಂಡಳು.

ಹೊರಡುವ ಮೊದಲು ಸಾಹೇಬರ ಮನೆಗೆ ಹೋದೆ. ವಯಸ್ಸು ಎಂಬತ್ತೆರಡು, ಕರಿ ಕೋಟು ಬಿಟ್ಟಿದ್ದಾರೆ. ಆದರೂ ಜಗಲಿಯಲ್ಲಿ ಇಬ್ಬರು ಕಾಗದ ಹಿಡಿದು ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನಾನು ಅವಳಿಗೆ ಬೈದಿದ್ದೆನಲ್ಲೋ," ಎಂದರು. ಆಮೇಲೆ, "ನಂಗೆ ಹೇಳಿ ಎಂತ ಆತು ಮಾರಾಯಾ? ಅವಳಿಗೆ ಹೇಳು. ಎಂಟೂವರೆ ಬಸ್ಸಿಗೆ ಹೋಗು."

ಬಸ್ಸಿನ ತುಂಬ ಹೆಂಗಸರು. ಟಿಕೇಟಿಗೆ ಜೇಬು ತಡಕುತ್ತಿದ್ದಾಗ ಪಕ್ಕದ ಮುದುಕಿ ನಕ್ಕಳು: "ನಮಗೆ ಪುಕ್ಕಟೆ ಅಜ್ಜಾ, ನೀವು ಸೀರೆ ಉಟ್ಕಂಡು ಬರೂಕಾಗಿತ್ತು." ಕಂಡಕ್ಟರೂ ನಕ್ಕ. ಹಿರಿಯರ ರಿಯಾಯಿತಿ ಕಳೆದು ನಲವತ್ತು ರೂಪಾಯಿ ಚಿಲ್ಲರೆ ಕೊಟ್ಟೆ. ಮಳೆ ಹೋಗಿ ಸೆಕೆ ಶುರುವಾಗಿತ್ತು. ಶರಾವತಿ ಸೇತುವೆ ಮೇಲೆ ಮಾತ್ರ ಗಾಳಿ ಸಿಕ್ಕಿತು.

ಹೊನ್ನಾವರದಲ್ಲಿ ಕೋರ್ಟಿನ ಗೇಟಿಗೆ ರಜೆಯ ಬೀಗ. ಎದುರಿನ ರಸ್ತೆಯಂಚಿನ ಬಾದಾಮಿ ಮರ ಇನ್ನೂ ಇದೆ. ಮೂವತ್ತು ವರ್ಷದ ಹಿಂದೆ, ಅವಳ ಮನೆಯ ದಾವೆ ವಿಚಾರಣೆಗೆ ಬಂದ ದಿನ, ಅವಳು ಬಂದರಿನಿಂದ ನೇರ ಮೀನಿನ ಬುಟ್ಟಿ ಹೊತ್ತೇ ಬಂದಿದ್ದಳು. ಆ ವಾಸನೆಯೊಂದಿಗೆ ಅವಳು ನನ್ನ ಪಕ್ಕದಲ್ಲಿ ನಿಂತರೆ ಬೇರೆ ಗುಮಾಸ್ತರು ನಗುತ್ತಾರೆಂದು, "ಅಲ್ಲಿ ಮರದ ಕೆಳಗೆ ಕೂತ್ಕೋ, ಕರೀತೇನೆ," ಎಂದೆ. ಸಾಹೇಬರ ಬಸ್ಸು ಸೇತುವೆಯಲ್ಲಿ ಲಾರಿ ಕೆಟ್ಟು ತಡವಾಗಿತ್ತು. ನಾನು ಚಾ ಅಂಗಡಿಯಲ್ಲಿ ಬನ್ಸ್ ತಿನ್ನುತ್ತ ಹರಟುತ್ತಿದ್ದಾಗ ಜವಾನ ಕೋರ್ಟಿನ ಬಾಗಿಲಲ್ಲಿ ನಿಂತು ಅವಳ ಹೆಸರನ್ನು, ಗಂಡನ ಹೆಸರು ಸಮೇತ, ಮೂರು ಸಲ ಕೂಗಿದ. ನನಗೆ ಕೇಳಿತು. ತಿಂದು ಎದ್ದರಾಯಿತು ಎಂದುಕೊಂಡೆ. ಏಳುವಷ್ಟರಲ್ಲಿ ಗೈರುಹಾಜರಿ ಎಂದು ದಾವೆ ವಜಾ ಆಗಿತ್ತು.

"ಅವಳು ಬರಲೇ ಇಲ್ಲ," ಎಂದೆ ಸಾಹೇಬರಿಗೆ.

ಅವರು ಬೈದಾಗ ಅವಳು ನನ್ನತ್ತ ನೋಡಿ, "ತಪ್ಪಾಯ್ತು ಒಡೆಯಾ," ಎಂದಳಷ್ಟೇ. ದಾವೆಗೆ ಮರುಜೀವ ಬರುವ ಮೊದಲೇ ಎದುರು ಪಕ್ಷದವರು ಅವಳ ಮನೆ ಕೆಡವಿದರು. ಆಮೇಲೆ ಸಾಹೇಬರು ವರ್ಷಗಟ್ಟಲೆ ಕಚೇರಿಗಳಿಗೆ ಓಡಾಡಿ ಹೊಳನಗದ್ದೆಯಲ್ಲಿ ಅವಳಿಗೊಂದು ಜಾಗ ಮಾಡಿಸಿದರು. ಆ ಅರ್ಜಿಗಳನ್ನೆಲ್ಲ ಬರೆದವನು ನಾನೇ.

ಕುಮಟೆಯಲ್ಲಿ ಇಳಿದು ರಿಕ್ಷಾ ಹಿಡಿದೆ. ಗದ್ದೆಯಂಚಿನ ಹಂಚಿನ ಮನೆ. ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದವಳು ಅವಳ ಸೊಸೆ. ವಕೀಲರ ಕಡೆಯಿಂದ ಬಂದೆ ಎಂದಾಗ, ಅತ್ತೆ ಹೋದ ಮಳೆಗಾಲದಲ್ಲಿ ತೀರಿಕೊಂಡರೆಂದಳು.

ವಾಪಸು ಹೋಗಲು ತಿರುಗಿದೆ. "ವಕೀಲ್ರ ಕಡೆಯವ್ರು ಬಾಗ್ಲಲ್ಲೇ ಹೋಗ್ತ್ರಾ? ಕುಂತ್ಕಣಿ," ಎಂದು ಮಣೆ ಹಾಕಿ ಚಾ ತಂದಳು.

"ಅತ್ತೆ ಯಾವಾಗ್ಲೂ ಹೇಳೂರು. ಕೋರ್ಟಲ್ಲಿ ನಿಂತವ್ರೆಲ್ಲ ಮೂಗು ಮುಚ್ಕಂಡ್ರಂತೆ. ವಕೀಲ್ರ ಗುಮಾಸ್ತ್ರು ಮಾತ್ರ ಪಾಪ ಅಂದ್ಕಂಡು ನೆರಳಿಗೆ ಕುಂದ್ರಿಸಿದ್ರಂತೆ. ತಂಪಿಗೆ ತೂಕಡಿಸ್ದೆ, ತಪ್ಪು ನಂದೇ ಅಂತಿದ್ರು."

ಲೋಟ ಕೆಳಗಿಟ್ಟೆ. "ಆ ಗುಮಾಸ್ತ ನಾನೇ ತಂಗೀ. ನೆರಳಿಗೆಂದು ಕೂರಿಸಲಿಲ್ಲ. ವಾಸನೆಗೆ ಹೇಸಿ ಕಳಿಸಿದೆ. ಕೂಗಿದ್ದು ಕೇಳಿಯೂ ಕರೆಯಲಿಲ್ಲ. ಬರಲೇ ಇಲ್ಲ ಎಂದು ಸುಳ್ಳು ಹೇಳಿದೆ."

ಅವಳು ಕೈಯ ಮೀನನ್ನು ಚಾಪೆಯ ಮೇಲಿಟ್ಟಳು. "ಇದು ಅತ್ತೆ ಕೇಳ್ಬೇಕಾದ ಮಾತು," ಎಂದಳು. ಲೋಟವನ್ನು ನನ್ನ ಕಡೆ ಸರಿಸಿ, "ಚಾ ಆರ್ತು, ಕುಡೀರಿ."

ಕುಡಿದೆ. ಅವಳು ರಸ್ತೆಯವರೆಗೆ ಬಂದು ರಿಕ್ಷಾ ನಿಲ್ಲಿಸಿಕೊಟ್ಟಳು.

ಹಿಂತಿರುಗುವಾಗ ಹೊನ್ನಾವರದಲ್ಲಿ ಮತ್ತೆ ಇಳಿದೆ. ಮರದ ಕೆಳಗೆ ಯಾರೂ ಇರಲಿಲ್ಲ. ಅಂದು ಕರೀತೇನೆ ಎಂದವನು ಇಂದು ಅದರ ಬುಡದಲ್ಲಿ ನಿಂತು, ಜವಾನ ಕೂಗಿದ ಹಾಗೆಯೇ ಅವಳನ್ನು ಕರೆದೆ, ಗಟ್ಟಿಯಾಗಿ: ಮಾದೇವಿ ಕೋಂ ಜಟ್ಟಿ ಹರಿಕಂತ್ರ.