ಡಗ್ನಿಯ ದೋಣಿಯ ಬ್ಯಾಟರಿ

ನಮ್ಮ ನೊರ್ಶೆರ್ ದ್ವೀಪದಲ್ಲಿ ಅಕ್ಟೋಬರ್ ಬಂತೆಂದರೆ ದೋಣಿಗಳನ್ನು ದಡಕ್ಕೆಳೆದು ಟಾರ್ಪಾಲು ಹೊದಿಸುತ್ತಾರೆ; ಅವುಗಳ ಬ್ಯಾಟರಿಗಳನ್ನು ಬಿಚ್ಚಿ ಹಿಲ್ಡಿಂಗನ ಮನೆಗೆ ಹೊರುತ್ತಾರೆ. ಬೇರೆ ದ್ವೀಪಗಳಲ್ಲಿ ಜನ ತಂತಮ್ಮ ಬ್ಯಾಟರಿಗಳನ್ನು ತಂತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರಂತೆ. ಇಟ್ಟುಕೊಳ್ಳಲಿ, ಏಪ್ರಿಲ್ಲಿನಲ್ಲಿ ಕೀಲಿ ತಿರುಗಿಸಿದಾಗ ಅನುಭವಿಸಲಿ. ನಮಗೆ ಹಿಲ್ಡಿಂಗ್ ಇದ್ದಾನೆ.

ಮೂವತ್ತನಾಲ್ಕು ವರ್ಷ ಜನರನ್ನು ದಾಟಿಸುವ ಫೆರಿ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದ ಬ್ರಹ್ಮಚಾರಿ ಅವನು. ವಯಸ್ಸು ಅರವತ್ತೆಂಟು. ಅವನ ನೆಲಮಾಳಿಗೆಯಲ್ಲಿ ಒಂದು ಕಡೆ ಆಲೂಗಡ್ಡೆ, ಇನ್ನೊಂದು ಕಡೆ ಮರದ ಹಲಗೆಗಳ ಮೇಲೆ ಇಪ್ಪತ್ತಮೂರು ಬ್ಯಾಟರಿ. ಸಿಮೆಂಟಿನ ನೆಲದ ಮೇಲೆ ಬ್ಯಾಟರಿ ಇಟ್ಟರೆ ನೆಲ ಅದರ ಜೀವ ಹೀರುತ್ತದೆಂದು ಅವನ ಅಪ್ಪ ಹೇಳಿದ್ದ. ಈಗಿನ ಬ್ಯಾಟರಿಗಳಿಗೆ ಹಾಗೇನೂ ಆಗುವುದಿಲ್ಲವೆಂದು ಹಿಲ್ಡಿಂಗನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಯಾರಾದರೂ ನೆಲಕ್ಕಿಟ್ಟರೆ ಕೂಸನ್ನು ಕೆಸರಿನಲ್ಲಿ ಕೂರಿಸಿದವರನ್ನು ನೋಡಿದ ಹಾಗೆ ನೋಡುತ್ತಾನೆ.

ಪ್ರತಿ ತಿಂಗಳ ಮೊದಲ ಭಾನುವಾರ ಒಂದೊಂದನ್ನೂ ಒರೆಸಿ, ಮುಚ್ಚಳವಿದ್ದವಕ್ಕೆ ಶುದ್ಧ ನೀರು ಹನಿಸಿ, ಮೀಟರು ಹಿಡಿದು, ಬಂದ ವೋಲ್ಟಿನ ಅಂಕಿಯನ್ನು ಚೀಟಿಯಲ್ಲಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸುತ್ತಾನೆ. ಸತ್ಯಹರಿಶ್ಚಂದ್ರನಾದರೂ ಒಂದೊಂದು ಕಡೆ ಬಾಯಿ ಮುಚ್ಚಿಕೊಂಡಿದ್ದಾನು, ಇವನು ಮುಚ್ಚುವ ಪೈಕಿಯಲ್ಲ. ‘ಒಸ್ಟ್ರೋಮ್: ಹನ್ನೆರಡು, ಅರ್ಧ ಖಾಲಿ. ಸೆಪ್ಟೆಂಬರ್ ಪೂರ್ತಿ ದೋಣಿಯ ದೀಪ ಆರಿಸಿಲ್ಲ, ಹೋದ ವರ್ಷವೂ ಆರಿಸಿರಲಿಲ್ಲ’ ಎಂದು ಊರಿಗೆಲ್ಲ ಕಾಣುವಂತೆ ಬರೆಯುತ್ತಾನೆ. ಒಮ್ಮೆ ಚರ್ಚಿನ ದೋಣಿಯ ಬ್ಯಾಟರಿ ಕೆಟ್ಟಿತ್ತು. ಇನ್ನೊಂದು ವರ್ಷ ಎಳೆದೀತೇ ಎಂದು ಪಾದ್ರಿಗಳು ಆಸೆಯಿಂದ ಕೇಳಿದರು. ಸತ್ತು ತಿಂಗಳಾಗಿದೆ, ಪ್ರಾರ್ಥನೆ ನಿಮ್ಮ ಇಲಾಖೆ ಎಂದುಬಿಟ್ಟ.

ಒಂದೇ ಒಂದು ಬ್ಯಾಟರಿಯ ವರದಿ ಮಾತ್ರ ಅಂಗಡಿಯ ಬಾಗಿಲಿಗೆ ಹೋಗುತ್ತಿರಲಿಲ್ಲ. ಅದು ಎರಡು ಕಿಲೋಮೀಟರು ಆಚೆಯ ಲಿಲ್‌ಹೊಲ್ಮ್ ದ್ವೀಪದಲ್ಲಿರುವ ಡಗ್ನಿಯದು. ಡಗ್ನಿ, ಹಿಲ್ಡಿಂಗ್ ಒಂದೇ ಶಾಲೆಯಲ್ಲಿ ಓದಿದವರು. ಅವಳ ಗಂಡ ಆರ್ವಿಡ್ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಮೊದಲ ಚಳಿಗಾಲದಲ್ಲೇ ಅವಳ ಬ್ಯಾಟರಿ ಹಿಲ್ಡಿಂಗನ ಹಲಗೆ ಹತ್ತಿತು. ಸಮುದ್ರ ಹೆಪ್ಪುಗಟ್ಟಿದ ಮೇಲೆ ತಿಂಗಳಿಗೊಮ್ಮೆ ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಹೊರಡುತ್ತಿದ್ದ. ಅವಳ ಅಡುಗೆಮನೆಯಲ್ಲಿ ಕೂತು ‘ಹನ್ನೆರಡು ಪಾಯಿಂಟ್ ಏಳು, ತುಂಬಿದೆ’ ಎಂದು ವರದಿ ಒಪ್ಪಿಸಲು ಅರೆ ನಿಮಿಷ ಸಾಕು. ಆಮೇಲೆ ಕಾಫಿ, ಏಲಕ್ಕಿ ಬನ್ನು, ಆರ್ವಿಡನ ಹಳೇ ಸುದ್ದಿ, ಕಡಲಿನ ಸೀಲು ಪ್ರಾಣಿಗಳು ಬಲೆ ಹರಿದ ಸುದ್ದಿ. ವಾಪಸ್ ಬರುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತಿತ್ತು. ಆ ಮೂರು ಗಂಟೆಗಾಗಿ ಮನುಷ್ಯ ಉಳಿದ ತಿಂಗಳನ್ನು ತಳ್ಳುತ್ತಿದ್ದ. ಇದು ಎರಡೂ ದ್ವೀಪಗಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಹಿಲ್ಡಿಂಗ್ ಒಬ್ಬನೇ. ತಾನು ಬ್ಯಾಟರಿಗಾಗಿ ಹೋಗುತ್ತಿದ್ದೇನೆಂದೇ ಅವನ ನಂಬಿಕೆ.

ಹೋದ ಅಕ್ಟೋಬರಿನಲ್ಲಿ ಎಂದಿನಂತೆ ಬ್ಯಾಟರಿ ತರಲು ತನ್ನ ದೋಣಿಯಲ್ಲಿ ಲಿಲ್‌ಹೊಲ್ಮಿಗೆ ಹೋದ. ಡಗ್ನಿ ದೋಣಿಮನೆಯ ಬಾಗಿಲಲ್ಲಿ ನಿಂತು ಎಪ್ರನ್ನಿನ ಅಂಚು ತಿರುಚುತ್ತಿದ್ದಳು. ಅವಳ ತಂಗಿಯ ಮಗ ಕ್ರಿಸ್ಟರ್ ಪಟ್ಟಣದಿಂದ ಬಂದು ಹೊಸ ಬ್ಯಾಟರಿ ಕೂರಿಸಿ ಹೋಗಿದ್ದ. ನೀರು ಹಾಕುವಂತಿಲ್ಲ, ಸೀಲು ಮಾಡಿದ್ದು. ಗೋಡೆಯಲ್ಲಿ ಒಂದು ಪುಟ್ಟ ಚಾರ್ಜರು, ಬೇಕಾದಾಗ ತಾನೇ ಹತ್ತಿಕೊಂಡು ಸಾಕಾದಾಗ ತಾನೇ ಆರುತ್ತದೆ. ಚಳಿಗಾಲವಿಡೀ ದೋಣಿಯಲ್ಲೇ ಇರಬಹುದು.

“ಹೇಗಿದೆ ನೋಡು ಮಾರಾಯ,” ಎಂದಳು ಡಗ್ನಿ. ಅವಳ ದನಿಯಲ್ಲಿ ಒಂದು ಬೇಡಿಕೆಯಿತ್ತು. ಕಣ್ಣಿದ್ದ ಯಾವ ಗಂಡಸಾದರೂ ‘ಛೆ, ಇದನ್ನು ನಂಬೋಕಾಗಲ್ಲ, ತಿಂಗಳಿಗೊಮ್ಮೆ ಬಂದು ನೋಡ್ತೀನಿ’ ಎನ್ನುತ್ತಿದ್ದ. ಹಿಲ್ಡಿಂಗ್ ಬಗ್ಗಿ ನೋಡಿದ, ತಂತಿ ಅಲ್ಲಾಡಿಸಿದ, ಮೀಟರು ಹಿಡಿದ.

“ಒಳ್ಳೇ ಮಾಲು. ಇದಕ್ಕೆ ಯಾರೂ ಬೇಡ,” ಎಂದ.

ಹಾಗೆಂದು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡು ದೋಣಿ ಹತ್ತಿ ಬಂದ. ಡಗ್ನಿ ಕಾಫಿಗೂ ಕರೆಯಲಿಲ್ಲ. ಯಾಕೆ ಕರೆದಾಳು?

ಸಮುದ್ರ ಹೆಪ್ಪುಗಟ್ಟಿತು. ಜನವರಿಯ ಮೊದಲ ಭಾನುವಾರ ಇಪ್ಪತ್ತೆರಡು ಬ್ಯಾಟರಿ ಅಳೆದು ಮುಗಿಸಿ, ಚೀಟಿ ಅಂಟಿಸಿ, ಹಿಲ್ಡಿಂಗ್ ಗಡ್ಡ ಬೋಳಿಸಿಕೊಂಡ. ಅಂಗಿ ತೊಟ್ಟ. ಸ್ಕೀ ಕಟ್ಟುವಾಗ ಹೊಳೆಯಿತು, ಹೋಗಿ ಹೇಳುವುದಾದರೂ ಏನನ್ನು? ಮೆಟ್ಟಿಲ ಮೇಲೆ ಇಂಗು ತಿಂದ ಮಂಗನಂತೆ ಕೂತ. ಅಷ್ಟು ವರ್ಷ ತಾನು ಯಾವುದಕ್ಕಾಗಿ ಹೋಗುತ್ತಿದ್ದೆನೆಂಬುದು ಆ ಮೆಟ್ಟಿಲ ಮೇಲೆ ಅವನಿಗೆ ಗೊತ್ತಾಯಿತು. ಸ್ಕೀ ಬಿಚ್ಚಿ ಒಳಗೆ ಹೋಗಿ, ಒಳಗಾದರೂ ಮಾಡುವುದೇನೆಂದು ತೋಚದೆ, ಅಳೆದ ಇಪ್ಪತ್ತೆರಡನ್ನೂ ಮತ್ತೆ ಅಳೆದ.

ಅಂಗಡಿಯ ಉಲ್ರಿಕಾ ಬಾಯಿಬಡಕಿ, ಆದರೆ ಕರುಳುಳ್ಳವಳು. ಸಕ್ಕರೆ ಕೇಳುವ ನೆವದಲ್ಲಾದರೂ ಒಮ್ಮೆ ಡಗ್ನಿಯ ಮನೆಗೆ ಹೋಗಿಬರಬಾರದೇ ಎಂದು ಕೇಳಿದಳು. ಮನೆಯಲ್ಲಿ ಸಕ್ಕರೆ ಇದೆ ಎಂದ ಪುಣ್ಯಾತ್ಮ. ಇದ್ದರೂ ಇಲ್ಲ ಅನ್ನಬಹುದಲ್ಲ ಎಂದಳು. ಎರಡು ಕಿಲೋ ಇದೆ ಎಂದ. ಉಲ್ರಿಕಾ ಹಣೆ ಚಚ್ಚಿಕೊಂಡಳು.

ಫೆಬ್ರವರಿಯ ಒಂದು ಬೆಳಿಗ್ಗೆ, ಮೈನಸ್ ಇಪ್ಪತ್ತು ಡಿಗ್ರಿ ಚಳಿ, ಕಣ್ಣು ಕುಕ್ಕುವ ಬಿಸಿಲು. ಹಿಲ್ಡಿಂಗ್ ನೆಲಮಾಳಿಗೆಯ ಬಾಗಿಲಲ್ಲಿ ಹಿಮ ಗುಡಿಸುತ್ತಿದ್ದಾಗ, ಲಿಲ್‌ಹೊಲ್ಮ್ ಕಡೆಯಿಂದ ಹಿಮದ ಮೇಲೆ ಯಾರೋ ಕಾಲಲ್ಲಿ ಒದ್ದು ನೂಕುವ ಜಾರುಬಂಡಿ ತಳ್ಳಿಕೊಂಡು ಬರುವುದು ಕಂಡಿತು. ಹತ್ತಿರವಾದಾಗ ನೋಡಿದರೆ ಡಗ್ನಿ. ಬಂಡಿಯ ಮುಂದಿನ ಕುರ್ಚಿಯಲ್ಲಿ ಉಣ್ಣೆಯ ಕಂಬಳಿ ಸುತ್ತಿದ, ಹಗ್ಗ ಬಿಗಿದ ಏನೋ ಒಂದು ಕೂತಿತ್ತು. ಅವಳ ಹುಬ್ಬಿನ ಮೇಲೆಲ್ಲ ಉಸಿರಿನ ಹಬೆ ಬಿಳಿ ಹಿಮವಾಗಿ ಕೂತಿತ್ತು. ಗಂಟು ಬಿಚ್ಚಿದಳು. ಹೊಸ ಬ್ಯಾಟರಿ. ಇಪ್ಪತ್ತೆರಡು ಕಿಲೋ ಭಾರವನ್ನು ಒಬ್ಬಳೇ ಎತ್ತಿ ನೆಲಮಾಳಿಗೆಗೆ ಇಳಿಸಿ, ನೇರ ಸಿಮೆಂಟಿನ ನೆಲದ ಮೇಲೆ ಇಟ್ಟಳು. ಹಿಲ್ಡಿಂಗ್ ಓಡಿಬಂದು ಅದನ್ನು ಹಲಗೆಗೆ ಏರಿಸಿದ.

“ಏನೋ ಆಗಿದೆ ಇದಕ್ಕೆ, ನೋಡು,” ಎಂದಳು.

ಹಿಲ್ಡಿಂಗ್ ಮೀಟರು ಹಿಡಿದ. ಹನ್ನೆರಡು ಪಾಯಿಂಟ್ ಎಂಟು. ಅಷ್ಟು ಆರೋಗ್ಯದ ಬ್ಯಾಟರಿ ಆ ನೆಲಮಾಳಿಗೆಯಲ್ಲಿ ಇನ್ನೊಂದಿರಲಿಲ್ಲ. “ಏನೂ ಆಗಿಲ್ವಲ್ಲ,” ಎಂದ.

“ಸರಿಯಾಗಿ ನೋಡು.”

ಬ್ರಷ್ಷಿನಿಂದ ಎರಡೂ ತುದಿ ಉಜ್ಜಿ ಮತ್ತೆ ಹಿಡಿದ. ಅದೇ ಹನ್ನೆರಡು ಪಾಯಿಂಟ್ ಎಂಟು. ತುಂಬಿದ ಬ್ಯಾಟರಿ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದೇ ಒಡೆಯುವುದು, ಹೆದರಬೇಡ ಎಂದು ಪಾಠ ಶುರುಮಾಡಿದ. ಡಗ್ನಿ ಆಲೂಗಡ್ಡೆಯ ಪೆಟ್ಟಿಗೆಯ ಮೇಲೆ ಕೂತು, ಕೈಗವಸು ತೆಗೆದು ಮಡಿಲಲ್ಲಿಟ್ಟುಕೊಂಡು, ಪಾಠ ಮುಗಿಯುವವರೆಗೂ ಕಾದಳು.

“ಹಿಲ್ಡಿಂಗ್,” ಎಂದಳು ಮೆಲ್ಲಗೆ, “ನಮ್ಮ ದೋಣಿಮನೇಲೂ ಅದು ಅಷ್ಟೇ ತೋರಿಸ್ತಿತ್ತು. ಆರ್ವಿಡನ ಮೀಟರು ನನ್ನ ಹತ್ರಾನೇ ಇದೆ. ಇನ್ನೊಂದೇ ಒಂದು ಸಲ ನೋಡು.”

ಹಿಲ್ಡಿಂಗ್ ಮೂರನೆಯ ಸಲ ಬಗ್ಗಿದ. ಸುಳ್ಳೊಂದು ಹೇಳಿದರೆ ಮುಗಿದುಹೋಗುತ್ತಿತ್ತು. ಹನ್ನೊಂದು ಎಂದಿದ್ದರೆ ಸಾಕಿತ್ತು, ಬ್ಯಾಟರಿ ಅಲ್ಲೇ ಉಳಿಯುತ್ತಿತ್ತು, ತಿಂಗಳಿಗೊಮ್ಮೆಯ ದಾರಿ ತೆರೆಯುತ್ತಿತ್ತು. ನಾಲಿಗೆ ಹನ್ನೊಂದರ ತನಕ ಹೋಗಿ ಹಿಂದೆ ಬಂತು. ಮೀಟರು ಕೆಳಗಿಟ್ಟ.

“ಹನ್ನೆರಡು ಪಾಯಿಂಟ್ ಎಂಟೇ, ಡಗ್ನಿ. ಬ್ಯಾಟರಿಗೇನೂ ಆಗಿಲ್ಲ,” ಎಂದ. ಕಿವಿ ಕೆಂಪಾಗಿತ್ತು. “ಆಗಿರೋದು ನನಗೆ. ಅಕ್ಟೋಬರಿಂದ.”

ಡಗ್ನಿ ಕೈಗವಸಿನ ತುದಿಯಿಂದ ಕಣ್ಣೊತ್ತಿಕೊಂಡಳು. ಹುಬ್ಬಿನ ಹಿಮ ಕರಗಿದ್ದು ಎಂದಳು, ನಂಬುವವರು ನಂಬಬಹುದು.

“ಇಷ್ಟು ಹೇಳೋಕೆ ಮೂರು ಸಲ ಅಳೀಬೇಕಾಯ್ತಾ ನಿಂಗೆ?” ಎಂದು ಎದ್ದಳು. “ಹತ್ತು ಗಂಟೆಗೆ ಬನ್ನಿಗೆ ಹಿಟ್ಟು ನಾದಿಟ್ಟು ಬಂದಿದೀನಿ, ಉಕ್ಕಿ ಪಾತ್ರೆಯಿಂದ ಆಚೆ ಬಂದಿರತ್ತೆ. ಈ ಭಾರ ವಾಪಸ್ ನಾನೊಬ್ಳೇ ತಳ್ಳಲ್ಲ, ಹೇಳಿದೀನಿ.”

ಹಿಲ್ಡಿಂಗ್ ಗಡಿಬಿಡಿಯಲ್ಲಿ ಟೋಪಿಗಾಗಿ ಆಲೂಗಡ್ಡೆಯ ನಡುವೆಯೂ ಹುಡುಕಿದ. ಅದು ತಲೆಯ ಮೇಲಿದೆಯೆಂದು ಡಗ್ನಿ ತಕ್ಷಣ ಹೇಳಲಿಲ್ಲ.