ಬೆಸುಗೆ ಮೇಷ್ಟ್ರು

ಊರೆಲ್ಲ ಅವನನ್ನು ‘ಬೆಸುಗೆ ಮೇಷ್ಟ್ರು’ ಎನ್ನುತ್ತಿತ್ತು. ಆ ಹೆಸರು ಇಟ್ಟುಕೊಂಡವನು ಅವನೇ. ಹಳೆಯ ಮ್ಯಾಂಡೊಲಿನ್, ಗಿಟಾರುಗಳ ಮುರಿದ ಲೋಹದ ಭಾಗಗಳನ್ನು ಸರಿಮಾಡುವ ಅಂಗಡಿ ಅವರ ಮನೆಯದು. ಮುಂದಿನ ಮೇಜಿನಲ್ಲಿ ಅವನು, ಹಿಂದಿನ ಕೋಣೆಯ ಕಿಟಕಿ ಪಕ್ಕ ಅವನ ಅತ್ತಿಗೆ. ಕೆಲಸವೆಲ್ಲ ಅವಳದು. ಮದುವೆಗೆ ಮುಂಚೆ ಹಲ್ಲಿನ ಡಾಕ್ಟರ ಬಳಿ ಲೋಹದ ಹಲ್ಲು ಮಾಡುತ್ತಿದ್ದವಳು, ಅಕ್ಕಿಕಾಳಿನಷ್ಟು ಚೂರನ್ನೂ ಗುರುತು ಕಾಣದಂತೆ ಬೆಸೆಯಬಲ್ಲಳು. ಇವನ ಬೆರಳಿಗೆ ಇಪ್ಪತ್ತು ವರ್ಷದಲ್ಲಿ ಅರದ ಧೂಳು ಕೂಡ ಅಂಟಿರಲಿಲ್ಲ.

“ಅತ್ತಿಗೆಗೆ ಕಲಿಸಿದ್ದು ನಾನೇ,” ಎಂದು ಬಂದವರಿಗೆಲ್ಲ ಬೊಗಳೆ ಬಿಡುತ್ತಿದ್ದ. “ಹೆಂಗಸರಿಗೆ ತಾಳ್ಮೆ ಇರುತ್ತೆ. ತಲೆ ಮಾತ್ರ ನಾವು ಕೊಡಬೇಕು.”

ಒಳಗೆ ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅರ ಉಜ್ಜುವ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ಒಂದು ದಿನ ಟಿ.ವಿ.ಯವರು ಬಂದರು. ಅದೇ ಹೊತ್ತಿಗೆ ನಿವೃತ್ತ ನರ್ಸ್ ಒಬ್ಬರು ತಮ್ಮ ತಂದೆಯ ಮ್ಯಾಂಡೊಲಿನ್ ತಂದಿದ್ದರು. ತಂತಿ ಸಿಕ್ಕಿಸುವ ಹಿತ್ತಾಳೆ ಪಟ್ಟಿಯಲ್ಲಿ ಒಂದು ಕೊಕ್ಕೆ ಮುರಿದಿತ್ತು. ಪಟ್ಟಿಯ ಮೇಲೆಲ್ಲ ಕೈಯಲ್ಲಿ ಕೊರೆದ ಹೂಬಳ್ಳಿ.

“ಮೇಷ್ಟ್ರೇ, ನೀವು ಬೆಸೆಯೋದನ್ನೇ ತೋರಿಸಿಬಿಡಿ,” ಎಂದಳು ವರದಿಗಾರ್ತಿ.

ನನಗೆ ಬರುವುದಿಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ಪುಣ್ಯಾತ್ಮ ಕೂದಲು ಬಾಚಿಕೊಂಡ.

“ಅತ್ತಿಗೆ, ಟಾರ್ಚ್ ತನ್ನಿ.”

ಅವಳು ಗ್ಯಾಸ್ ಟಾರ್ಚ್ ತಂದಿಟ್ಟು ಮೆಲ್ಲಗೆ ಹೇಳಿದಳು: “ಬೆಂಕಿ ದೂರ ಹಿಡಿ. ಹಿತ್ತಾಳೆ ತೀರಾ ತೆಳು.”

“ನನಗೇ ಹೇಳ್ಕೊಡ್ತೀರಾ?” ಟಾರ್ಚ್ ಹೊತ್ತಿಸಿ, ಬಿಚ್ಚಿಟ್ಟಿದ್ದ ಪಟ್ಟಿಗೆ ಹತ್ತಿರ ಹಿಡಿದು, ಕ್ಯಾಮೆರಾ ಕಡೆ ತಿರುಗಿ ಹಲ್ಲು ಕಿರಿದ. ಆ ಹಲ್ಲು ಇನ್ನೂ ಒಳಗೆ ಹೋಗಿರಲಿಲ್ಲ, ಪಟ್ಟಿ ಕೆಂಪಾಗಿ, ಮೇಣದಂತೆ ಬಾಗಿ, ಉಂಡೆಯಾಯಿತು. ಹೂಬಳ್ಳಿ ಎಲ್ಲಿತ್ತೋ ಅಲ್ಲಿ ಕಪ್ಪು ಮುದ್ದೆ.

“ನಮ್ಮಪ್ಪ ದಿನಾ ಮುಟ್ಟುತ್ತಿದ್ದದ್ದು ಅದು,” ಎಂದರು ನರ್ಸ್.

“ಲೋಹಾನೇ ಕಲಬೆರಕೆ ಅಮ್ಮಾ. ನಾನೇನ್ಮಾಡ್ಲಿ?”

ಅತ್ತಿಗೆ ಮುಂದೆ ಬಂದಳು. “ಲೋಹ ಸರಿಯಾಗೇ ಇತ್ತು. ಇವನಿಗೆ ಕೆಲಸ ಬರಲ್ಲ, ಯಾವತ್ತೂ ಬಂದಿಲ್ಲ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ, ಅದು ನನ್ನ ತಪ್ಪು.”

ಹನ್ನೊಂದು ದಿನ ಕೂತು, ನರ್ಸ್ ಮನೆಯಲ್ಲಿದ್ದ ಮ್ಯಾಂಡೊಲಿನ್ ಫೋಟೋ ನೋಡಿ, ಹಿತ್ತಾಳೆ ತಗಡಿನಲ್ಲಿ ಹೊಸ ಪಟ್ಟಿ ಮಾಡಿದಳು. ಹಳೆಯದೆಂದು ಯಾರೂ ಮೋಸಹೋಗಬಾರದೆಂದು ಅಡಿಯಲ್ಲಿ ಇಸವಿ ಕೊರೆದಳು. ನರ್ಸ್ ಅಲ್ಲೇ ತಂತಿ ಬಿಗಿದು ನುಡಿಸಿ ನೋಡಿದರು. “ಅಪ್ಪನದಲ್ಲ. ಆದ್ರೆ ಚೆನ್ನಾಗಿದೆ,” ಎಂದರು. ಅವಳಿಗೆ ಆ ಮಾತು ಹಿಡಿಸಿತು.

ಟಿ.ವಿ.ಯವರು ಎಲ್ಲವನ್ನೂ ತೋರಿಸಿದರು, ಮುದ್ದೆಯನ್ನು ಎರಡೆರಡು ಸಲ. ಮೇಷ್ಟ್ರಿಗೆ ಒಂದು ವಾರ ಜ್ವರವಂತೆ. ಆಮೇಲೆ ನಾಚಿಕೆ ಬಿಟ್ಟು ಅದೇ ಕುರ್ಚಿಗೆ ಬಂದ. ಗಿರಾಕಿಗಳು ಈಗ ಅವನ ಮೇಜು ದಾಟಿ ನೇರ ಒಳಗೆ ಹೋಗುತ್ತಾರೆ. ಟಿ.ವಿ. ಲೈಟಿನ ಕಾವಿಗೇ ಹಿತ್ತಾಳೆ ಕರಗಿತೆಂದು ಅವನು ಫೋನಿನಲ್ಲಿ ಯಾರಿಗೋ ಗಂಟೆಗಟ್ಟಲೆ ವಿವರಿಸುತ್ತಾನೆ. ಆ ಕಡೆಯಿಂದ ಒಂದು ಹೂಂ ಕೂಡ ಕೇಳಿಸಿದ್ದಿಲ್ಲ.